ತಂತಿ ಓಲೆ: ಮಲೆನಾಡಿನ ಮನೆಯಲ್ಲಿ ಮಾಡಿ ಮಾರುವ ಬಗೆ

ತಂತಿ ಓಲೆಯಲ್ಲಿ ಮೊದಲು ಕೆಡುವುದು ತುದಿ. ಸೆರಗಿಗೆ ಸಿಕ್ಕಿಕೊಳ್ಳುವುದು, ಕೂದಲು ಎಳೆಯುವುದು, ಕಿವಿ ಗೀರುವುದು, ಮಣಿ ಉದುರಿ ಕಳೆದುಹೋಗುವುದು, ಎಲ್ಲಕ್ಕೂ ಸರಿಯಾಗಿ ಮುಗಿಸದ ಒಂದು ತುದಿಯೇ ಕಾರಣವಾಗಿರುತ್ತದೆ. ಹಾಗಾಗಿ ಮನೆಮಂದಿ ಕೂತು ಕಲಿಯುವಾಗ ಹಾರ, ಬಳೆ ಎಂದು ಹೊರಡುವ ಮೊದಲು ಒಂದೇ ಮಣಿಯ ತೂಗೋಲೆಯನ್ನು ಇಪ್ಪತ್ತು ಜೊತೆ ಮಾಡಿ. ಅದು ಕೈಗೆ ಬಂದರೆ ಉಳಿದದ್ದೆಲ್ಲ ಅದರದೇ ವಿಸ್ತಾರ.

ತಂತಿ

ಆಭರಣದ ಸಾಮಾನಿನ ಅಂಗಡಿ ಹುಡುಕುವ ಮೊದಲು ಮೋಟಾರ್ ವೈಂಡಿಂಗ್ ಮಾಡುವವರ ಬಳಿ ಕೇಳಿ. ಅಡಿಕೆ ತೋಟ, ಪಂಪ್‌ಸೆಟ್ ಇರುವ ಕಡೆ ಅಂಥ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಎನಾಮಲ್ ಲೇಪದ ತಾಮ್ರದ ತಂತಿಯನ್ನು ತೂಕದ ಮೇಲೆ ಕೊಡುತ್ತಾರೆ. ಆ ಲೇಪ ನಮಗೆ ದೊಡ್ಡ ಅನುಕೂಲ: ಅದು ಇರುವವರೆಗೆ ತಾಮ್ರ ಕಪ್ಪಾಗುವುದಿಲ್ಲ.

ಗೇಜ್, ಅಂದರೆ ತಂತಿಯ ದಪ್ಪ ಹೇಳುವ ಸಂಖ್ಯೆಯ ವಿಷಯದಲ್ಲಿ ಹೊಸಬರು ಎಡವುವುದೇ ಹೆಚ್ಚು. ವಿಡಿಯೋಗಳಲ್ಲಿ ಹೇಳುವುದು ಸಾಮಾನ್ಯವಾಗಿ ಅಮೆರಿಕದ ಗೇಜ್; ನಮ್ಮ ವೈಂಡಿಂಗ್ ಅಂಗಡಿಯವರದು ಬ್ರಿಟಿಷ್ ಗೇಜ್ ಆದ ಎಸ್‌ಡಬ್ಲ್ಯೂಜಿ. ಎರಡರಲ್ಲೂ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು, ಆದರೆ ಅಳತೆ ಒಂದೇ ಅಲ್ಲ. ಅಮೆರಿಕದ 20 ಗೇಜ್ ಎಂದರೆ 0.81 ಮಿ.ಮೀ.; ಎಸ್‌ಡಬ್ಲ್ಯೂಜಿ 20 ಎಂದರೆ 0.91 ಮಿ.ಮೀ. ವಿಡಿಯೋ ನೋಡಿ 20 ಗೇಜ್ ತಂದು ಕಿವಿಯ ಕೊಕ್ಕೆ ಮಾಡಿದರೆ ಎಷ್ಟೋ ಜನರ ಕಿವಿಯ ತೂತಿಗೆ ಅದು ಬಿಗಿಯಾಗುತ್ತದೆ. ಆದ್ದರಿಂದ ಮಿಲಿಮೀಟರ್‌ನಲ್ಲೇ ಕೇಳಿ. ಮಣಿ ಪೋಣಿಸಿ ಕುಣಿಕೆ ಹಾಕಲು 0.71 (ಎಸ್‌ಡಬ್ಲ್ಯೂಜಿ 22), ಚೌಕಟ್ಟಿಗೆ 0.91, ಚೌಕಟ್ಟಿನ ಮೇಲೆ ಸಣ್ಣಗೆ ಸುತ್ತಲು 0.46 (ಎಸ್‌ಡಬ್ಲ್ಯೂಜಿ 26). 0.71ರ ತಂತಿ 100 ಗ್ರಾಂ ತಂದರೆ ಸುಮಾರು 28 ಮೀಟರ್ ಸಿಗುತ್ತದೆ. ಕಲಿಯುವುದಕ್ಕೆ ಅಷ್ಟು ಧಾರಾಳ.

ಬೇರೆಡೆ ಬರಿ ತಾಮ್ರದ ತಂತಿ ಕೊಳ್ಳುವುದಾದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿತೆಂದರೆ ಅದು ತಾಮ್ರದ ನೀರು ಕೊಟ್ಟ ಕಬ್ಬಿಣ. ಕತ್ತರಿಸಿದ ತುದಿಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಬರುತ್ತದೆ.

ಉಪಕರಣ ಮೂರೇ ಸಾಕು: ರೌಂಡ್ ನೋಸ್ ಪ್ಲೈಯರ್, ಹಲ್ಲಿಲ್ಲದ ಚಪ್ಪಟೆ ನೋಸ್ ಪ್ಲೈಯರ್, ತುದಿಯನ್ನು ಚಪ್ಪಟೆಯಾಗಿ ಕತ್ತರಿಸುವ ಸಣ್ಣ ಫ್ಲಶ್ ಕಟರ್. ಜೊತೆಗೆ ನುಣುಪಾದ ಒಂದು ಅರ. ಎಲೆಕ್ಟ್ರಿಷಿಯನ್ ಬಳಸುವ ಹಲ್ಲಿನ ಪ್ಲೈಯರ್ ಎನಾಮಲ್ಲನ್ನು ಕಚ್ಚಿ ಕೆರೆಯುತ್ತದೆ. ಕೆರೆದ ಗೆರೆ ಆ ಹೊತ್ತಿಗೆ ಕಾಣದಿದ್ದರೂ ಆಷಾಢದಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ.

ಕುಣಿಕೆ ಹಾಕುವುದು

ಒಂದು ಓಲೆಗೆ 0.71ರ ತಂತಿ 8 ಸೆಂ.ಮೀ. ಕತ್ತರಿಸಿ. ಎರಡೂ ಕಿವಿಯದನ್ನು ಒಟ್ಟಿಗೇ ಹಿಡಿದು ಕತ್ತರಿಸಿದರೆ ಉದ್ದ ಸಮವಾಗಿರುತ್ತದೆ. ಕೆಳತುದಿಯಲ್ಲಿ ರೌಂಡ್ ನೋಸಿನಿಂದ ಪುಟ್ಟ ಸುರುಳಿ ಮಾಡಿ, ತುದಿ ಸುರುಳಿಯ ಒಳಗೇ ಅಡಗಲಿ. ಮಣಿ ಪೋಣಿಸಿ. ಮಣಿಯ ಮೇಲೆ ಸರಿಯಾಗಿ 2 ಮಿ.ಮೀ. ಬಿಟ್ಟು ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ. ಈ 2 ಮಿ.ಮೀ. ಅಂದಾಜಿನದಲ್ಲ: ಮೂರು ಸುತ್ತು ಹಾಕಿದರೆ 0.71ರ ಮೂರು ಪಟ್ಟು, ಅಂದರೆ ಅಷ್ಟೇ ಜಾಗ ಹಿಡಿಯುತ್ತದೆ. ಕಡಿಮೆ ಬಿಟ್ಟರೆ ಮೂರನೇ ಸುತ್ತು ಮಣಿಯ ಮೇಲೆ ಹತ್ತಿ ಗಾಜಿನ ಮಣಿಯ ಬಾಯಿ ಒಡೆಯುತ್ತದೆ. ಹೆಚ್ಚು ಬಿಟ್ಟರೆ ಮಣಿ ಕಟಕಟ ಅಲುಗಾಡುತ್ತದೆ.

ಬಗ್ಗಿಸಿದ ತಂತಿಯನ್ನು ರೌಂಡ್ ನೋಸಿನ ಮೂತಿಯ ಮೇಲೆ ತಂದು ಉಂಗುರ ಮಾಡಿ. ಮೂತಿ ತುದಿಗೆ ಸಣ್ಣ, ಬುಡಕ್ಕೆ ದಪ್ಪ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಹಿಡಿದರೆ ಒಂದು ಓಲೆ ಉದ್ದ, ಇನ್ನೊಂದು ಗಿಡ್ಡ. ಮೂತಿಯ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ, ಯಾವಾಗಲೂ ಅಲ್ಲೇ ಹಿಡಿಯಿರಿ. ಸುತ್ತು ಹಾಕುವ ಮೊದಲೇ ಕಿವಿಯ ಕೊಕ್ಕೆಯನ್ನು ಉಂಗುರದೊಳಗೆ ಸೇರಿಸಲು ಮರೆಯಬೇಡಿ. ಆಮೇಲೆ ಉಂಗುರವನ್ನು ಚಪ್ಪಟೆ ಪ್ಲೈಯರಿನಲ್ಲಿ ಹಿಡಿದು ಉಳಿದ ತಂತಿಯನ್ನು ಒತ್ತೊತ್ತಾಗಿ ಮೂರು ಸುತ್ತು ಸುತ್ತಿ. ಕಟರಿನ ಚಪ್ಪಟೆ ಬೆನ್ನು ಓಲೆಯ ಕಡೆಗಿರುವಂತೆ ಹಿಡಿದು ಕತ್ತರಿಸಿ, ಉಳಿದ ತುದಿಯನ್ನು ಒಳಕ್ಕೆ ಒತ್ತಿ. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು. ಹಳೆಯ ನೈಲಾನ್ ಸೀರೆಯ ತುಂಡೊಂದನ್ನು ಅದರ ಮೇಲೆ ನಾಲ್ಕೂ ಕಡೆಯಿಂದ ಎಳೆದು ನೋಡಿ, ಎಲ್ಲಾದರೂ ದಾರ ಹಿಡಿದರೆ ಮತ್ತೆ ಒತ್ತಿ, ಅರ ಹಾಕಿ.

ತಪ್ಪಾಯಿತೆಂದು ಬಿಚ್ಚಿ ಮತ್ತೆ ಬಗ್ಗಿಸಿದಂತೆಲ್ಲ ತಾಮ್ರ ಗಡಸಾಗಿ ಅದೇ ಜಾಗದಲ್ಲಿ ಮುರಿಯುತ್ತದೆ. ಎರಡು ಸಲ ಬಿಚ್ಚಿದ ತಂತಿಯನ್ನು ಪಕ್ಕಕ್ಕಿಡಿ. ಬರಿ ತಾಮ್ರವಾದರೆ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಎನಾಮಲ್ ತಂತಿಯನ್ನು ಮಾತ್ರ ಬೆಂಕಿಗೆ ಹಿಡಿಯಲೇಬಾರದು, ಅದರ ಹೊಗೆ ಕೆಟ್ಟದ್ದು.

ಕಿವಿಯೊಳಗೆ ಹೋಗುವ ಕೊಕ್ಕೆಗೆ ವೈಂಡಿಂಗ್ ತಂತಿ ಬೇಡ. ಲೇಪ ಎದ್ದುಬಂದು ಕಿವಿ ಕೆರೆಯುತ್ತದೆ. ಅಗ್ಗದ ಹೊಳೆಯುವ ಕೊಕ್ಕೆಗಳಲ್ಲಿ ಹಲವಕ್ಕೆ ನಿಕ್ಕಲ್ ಇರುತ್ತದೆ. ಕಿವಿ ಸೋರುವುದು, ತುರಿಕೆ ಬಹುಪಾಲು ಅದರಿಂದಲೇ. ನಿಕ್ಕಲ್ ಬಹಳ ಕಡಿಮೆ ಹೊರಬಿಡುವ 316ಎಲ್ ಸರ್ಜಿಕಲ್ ಸ್ಟೀಲಿನ ಸಿದ್ಧ ಕೊಕ್ಕೆ ಕೊಳ್ಳಿ. ಸ್ವಂತ ಮಾಡುವುದಾದರೆ 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಬೆಳ್ಳಿ) 0.8 ಮಿ.ಮೀ. ತಂತಿ, ಒಂದಕ್ಕೆ 4.5 ಸೆಂ.ಮೀ.; ಮಾರ್ಕರ್ ಪೆನ್ನಿನ ಮೈಮೇಲೆ ಬಗ್ಗಿಸಿ, ಕಿವಿಗೆ ಹೋಗುವ ತುದಿಯನ್ನು ಅರದಿಂದ ಗುಂಡಗೆ ಮಾಡಿ.

ಮಣಿ

ಅಂಗಳದಲ್ಲಿ ಸಿಗುವ ಬೀಜಗಳ ಮೇಲೆ ಎಲ್ಲರಿಗೂ ಮೊದಲು ಕಣ್ಣು ಹೋಗುತ್ತದೆ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿಯನ್ನು ಮಾತ್ರ ಮುಟ್ಟಬೇಡಿ. ಇಡಿಯಾಗಿದ್ದಾಗ ಸಿಪ್ಪೆ ವಿಷವನ್ನು ಒಳಗೇ ಹಿಡಿದಿಡುತ್ತದೆ, ಆದರೆ ತೂತು ಕೊರೆದ ಕ್ಷಣ ಅದರ ಪುಡಿ, ಒಡೆದ ಬೀಜ ಎರಡೂ ಜೀವಕ್ಕೇ ಅಪಾಯ. ಮಗು ಬಾಯಿಗೆ ಹಾಕುವ ಮನೆಯಲ್ಲಂತೂ ಅದರ ಮಾತೇ ಬೇಡ. ಚನ್ನಪಟ್ಟಣದ ಅರಗಿನ ಬಣ್ಣದ ಮಣಿಗಳು ಹಗುರ, ದೊಡ್ಡ ಓಲೆಗೂ ಕಿವಿ ಜಗ್ಗುವುದಿಲ್ಲ. ಅರಗು ಸ್ಪಿರಿಟ್ಟಿಗೆ ಕರಗುವುದರಿಂದ ಸೆಂಟು, ಸ್ಯಾನಿಟೈಸರ್ ತಾಗಿಸಬಾರದೆಂದು ಕಾರ್ಡಿನ ಮೇಲೆ ಬರೆಯಿರಿ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಸುತ್ತಲಿನ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಆದರೂ ಮಾಡುವ ಕಾಲ ಅದೇ. ಅಡಿಕೆ ಕೊಯ್ಲು, ಸುಲಿತ ಶುರುವಾದರೆ ಮನೆಯಲ್ಲಿ ಬಿಡುವಿನ ಕೈ ಉಳಿಯುವುದಿಲ್ಲ.

ಮುಗಿದ ಪ್ರತಿ ಜೊತೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಜಿಪ್ ಕವರಿಗೆ, ಕವರುಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಎರಡು ಲೀಟರಿನ ಡಬ್ಬಿಗೆ 25 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಸಾಕು. ಅದು ಹಸಿರಾದರೆ ನೀರು ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಿತ್ತಳೆಗೆ ತಿರುಗುವವರೆಗೆ ಬಿಸಿ ಮಾಡಿ ಮತ್ತೆ ಬಳಸಬಹುದು. ಬೆಚ್ಚಗಿರುತ್ತದೆ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ಹಿಡಿದು ಮಂಕಾಗುತ್ತದೆ. ರಬ್ಬರ್ ಬ್ಯಾಂಡಿನಿಂದ ಕಟ್ಟುವುದೂ ಬೇಡ, ಅದರ ಗಂಧಕ ಬೆಳ್ಳಿ, ತಾಮ್ರ ಎರಡನ್ನೂ ಕಪ್ಪಾಗಿಸುತ್ತದೆ.

ಬರಿ ತಾಮ್ರದ ಒಡವೆಗೆ ಕಿಲುಬು ಬಂದರೆ ಹುಣಸೆಹುಳಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕಿ, ಮೂರು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಪ್ಪು ಉಳಿದರೆ ವಾರದೊಳಗೆ ಕಿಲುಬು ಮರಳುತ್ತದೆ. ಆಮೇಲೆ ಸ್ವಲ್ಪ ಬೆಚ್ಚಗೆ ಮಾಡಿ ಜೇನುಮೇಣ ತೆಳ್ಳಗೆ ಸವರಿ ಉಜ್ಜಿದರೆ ಕೆಲವು ತಿಂಗಳು ತಡೆಯುತ್ತದೆ.

ಮನೆಯೊಳಗೆ

ಕತ್ತರಿಸಿದ ಚೂರು ಗುಂಡಿನಂತೆ ಹಾರುತ್ತದೆ. ತುದಿಯನ್ನು ಬೆರಳಿನಿಂದ ಮುಚ್ಚಿ, ನೆಲದ ಕಡೆ ಮುಖ ಮಾಡಿ ಕತ್ತರಿಸಿ, ಕಣ್ಣಿಗೆ ಕನ್ನಡಕ ಇರಲಿ. ತಾಮ್ರ ಅಯಸ್ಕಾಂತಕ್ಕೆ ಅಂಟದ ಕಾರಣ ನೆಲದ ಚೂರುಗಳನ್ನು ಒದ್ದೆ ಗೋಧಿ ಹಿಟ್ಟಿನ ಉಂಡೆ ಉರುಳಿಸಿ ಎತ್ತಿ, ಆ ಉಂಡೆಯನ್ನು ದನ ಮುಟ್ಟದ ಕಡೆ ಬಿಸಾಡಿ. ಮಕ್ಕಳಿಗೆ ಮಣಿ ಆರಿಸುವುದು, ಕಾರ್ಡಿಗೆ ಚುಚ್ಚುವುದು ಕೊಡಿ, ಕಟರ್ ಬೇಡ. ಅಜ್ಜಿಯಂದಿರ ಕಣ್ಣಿಗೆ ಸುತ್ತು ಹಾಕುವುದು ಕಷ್ಟವಾದರೂ ಬಣ್ಣ ಹೊಂದಿಸುವುದರಲ್ಲಿ ಅವರ ಮಾತು ಕೇಳಿ, ಹೂ ಕಟ್ಟಿದ ಕೈ ಅದು.

ಬೆಲೆ

ಒಂದು ಜೊತೆಗೆ ಹೋಗುವ 16 ಸೆಂ.ಮೀ. ತಂತಿಯ ತೂಕ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು. ಕೆಜಿಗೆ 1,200 ರೂಪಾಯಿ ಎಂದಿಟ್ಟುಕೊಂಡರೂ ಒಂದು ರೂಪಾಯಿ ದಾಟದು. ಹಾಗೆಂದು ನಲವತ್ತು ರೂಪಾಯಿಗೆ ಮಾರುವವರು ಮನೆಯವರ ಕೂಲಿಯನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ತೋಟದ ಆಳಿಗೆ ಕೂಲಿ ಕೊಡುವ ಮನೆಯಲ್ಲಿ ಅತ್ತೆ ಸೊಸೆಯರ ಕೆಲಸ ಪುಕ್ಕಟೆಯಾಗಬಾರದು.

ಲೆಕ್ಕ ಹೀಗೆ ಹಾಕಿ: ತಂತಿ 1, ಮಣಿ 10, ಕೊಕ್ಕೆ 8, ಕಾರ್ಡು ಮತ್ತು ಕವರು 6. ಕೆಲಸ 25 ನಿಮಿಷ, ಗಂಟೆಗೆ 80ರಂತೆ 33. ಒಟ್ಟು 58. ಹಾಳಾಗುವುದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿದರೆ 64 ರೂಪಾಯಿ. ಅಂಗಡಿಯವರು ಮಾರಿದ ಬೆಲೆಯಲ್ಲಿ ಶೇ 35 ಇಟ್ಟುಕೊಳ್ಳುವುದಾದರೆ 120ಕ್ಕೆ ಮಾರಿದ ಜೊತೆಯಲ್ಲಿ ನಿಮಗೆ 78 ಬರುತ್ತದೆ, ಉಳಿಯುವುದು 14. ಇದಕ್ಕಿಂತ ಕೆಳಗೆ ಇಳಿಯಬೇಡಿ. ಜಾತ್ರೆಯಲ್ಲಿ ನೀವೇ ಮಾರುವಾಗಲೂ 120 ಇರಲಿ. ಜಾಗದ ಬಾಡಿಗೆ, ಬಸ್ಸಿನ ಖರ್ಚು ಅದರಲ್ಲೇ ಹೋಗುತ್ತದೆ. ಅಲ್ಲಿ ಅಗ್ಗಕ್ಕೆ ಕೊಟ್ಟರೆ ಅಂಗಡಿಯವರು ಮುಂದಿನ ಸಲ ಮಾಲು ಇಟ್ಟುಕೊಳ್ಳುವುದಿಲ್ಲ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಬೆಳ್ಳಿಯ ನೀರು ಕೊಟ್ಟದ್ದನ್ನು ಬೆಳ್ಳಿ ಎಂದು ಮಾರಬೇಡಿ.

ಮಾರುವುದು

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಪ್ರತಿ ವರ್ಷ. ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಜಾತ್ರೆಗೆ ಕೆಂಪು, ಹಸಿರು, ಹಳದಿ ಮಣಿ ಓಡುತ್ತದೆ. ಜೋಗ ನೋಡಲು ಬರುವವರಿಗೆ, ಹೋಂಸ್ಟೇಗಳಿಗೆ ಮಣ್ಣಿನ ಬಣ್ಣ, ಮರದ ಮಣಿ. ಕನ್ನಡಿ ಮುಖದ ಎತ್ತರಕ್ಕೆ ಇರಲಿ, ಬಗ್ಗಿ ನೋಡಬೇಕಾದ ಕನ್ನಡಿ ವ್ಯಾಪಾರ ಕಳೆಯುತ್ತದೆ. ಘಟ್ಟದ ಕಡೆ ನೆಟ್‌ವರ್ಕ್ ಕೈಕೊಡುವುದರಿಂದ ಚಿಲ್ಲರೆ ಒಯ್ಯಿರಿ.

ಫೋಟೋಗೆ ಮೋಡದ ದಿನದ ಜಗುಲಿ ಬೆಳಕಿಗಿಂತ ಒಳ್ಳೆಯದಿಲ್ಲ. ಫ್ಲಾಶ್ ಹಾಕಿದರೆ ತಾಮ್ರ ಬಿಳಿಚಿಕೊಳ್ಳುತ್ತದೆ. ಉದ್ದ ಮಿಲಿಮೀಟರಿನಲ್ಲಿ, ತೂಕ ಗ್ರಾಂನಲ್ಲಿ ಬರೆಯಿರಿ. ಅಡಿಕೆ ಹಾಳೆಯ ಕಾರ್ಡು ಚಂದ, ಆದರೆ ಮಳೆಗಾಲದಲ್ಲಿ ಸೊಟ್ಟಗಾಗಿ ಬೂಷ್ಟು ಹಿಡಿಯುತ್ತದೆ. ಬೇಸಿಗೆಗೆ ಮಾತ್ರ ಬಳಸಿ.

ಮಾರಿದ ಓಲೆ ಕಳಚಿತೆಂದು ಬಂದರೆ ದುಡ್ಡು ಕೇಳದೆ ಹೊಸ ತಂತಿಯಲ್ಲಿ ಕಟ್ಟಿಕೊಡಿ, ಎಲ್ಲಿ ಬಿಟ್ಟಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೇ ಜಾಗದಲ್ಲಿ ಮೂರು ಜೊತೆ ಬಿಟ್ಟಿದ್ದರೆ, ಆ ಸುತ್ತು ಹಾಕಿದವರ ಪಕ್ಕದಲ್ಲಿ ಕೂತು ಮತ್ತೊಮ್ಮೆ ತೋರಿಸಿಕೊಡಿ.