ಫೋನ್ ಕರೆಯೂ ಚಿಕಿತ್ಸೆಯೇ: ಬಾಲ್ಟಿಮೋರಿನಲ್ಲಿ ನನ್ನ ಅನುಭವ

ಬಾಲ್ಟಿಮೋರ್ ನಗರದ ಪಶ್ಚಿಮ ಭಾಗದ ಒಂದು ಸಮುದಾಯ ಕ್ಲಿನಿಕ್ಕಿನಲ್ಲಿ ನಾನು ಮನೋವೈದ್ಯೆ. ಅಲ್ಲಿಗೆ ಬರುವವರಲ್ಲಿ ಬಹುಪಾಲು ಆಫ್ರಿಕನ್ ಅಮೆರಿಕನ್ನರು, ಸ್ವಲ್ಪ ಮಂದಿ ಮಧ್ಯ ಅಮೆರಿಕದಿಂದ ಬಂದ ಸ್ಪ್ಯಾನಿಷ್ ಭಾಷಿಕರು, ಉಳಿದವರು ಬಿಳಿಯರು. ಹೆಚ್ಚಿನವರಿಗೆ ಕಡಿಮೆ ಆದಾಯದವರಿಗೆಂದು ಇರುವ ಸರ್ಕಾರಿ ವಿಮೆ ಮೆಡಿಕೇಡೇ ಆಧಾರ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಭೇಟಿಗಳೆಲ್ಲ ವಿಡಿಯೊ ಮತ್ತು ಫೋನಿಗೆ ಬದಲಾದಾಗ, ಎರಡು ಬಸ್ಸು ಹಿಡಿದು ಬರಬೇಕಿದ್ದವರಿಗೆ ಇನ್ನು ಸುಲಭವಾಗುತ್ತದೆ ಎಂಬ ಮಾತಿತ್ತು. ಅದು ಸುಳ್ಳಾಗಲಿಲ್ಲ, ಆದರೆ ಸೌಲಭ್ಯ ಎಲ್ಲರನ್ನೂ ಸಮನಾಗಿ ಮುಟ್ಟಲಿಲ್ಲ. ಅಮೆರಿಕದ ಫೆಡರಲ್ ಸರ್ಕಾರದ 2021ರ ಸಮೀಕ್ಷೆಯ ಪ್ರಕಾರ, ದೂರಚಿಕಿತ್ಸೆ ಪಡೆದ ಬಿಳಿಯರಲ್ಲಿ ಸುಮಾರು ಶೇ 62ರಷ್ಟು ಮಂದಿ ವಿಡಿಯೊ ಬಳಸಿದ್ದರೆ, ಕಪ್ಪುವರ್ಣೀಯರಲ್ಲಿ ಆ ಪ್ರಮಾಣ ಸುಮಾರು ಶೇ 54, ಲ್ಯಾಟಿನೊ ಜನರಲ್ಲಿ ಸುಮಾರು ಶೇ 51 ಇತ್ತು.

ನಮ್ಮಲ್ಲಿ ಈ ಅಂತರ ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯಲು ದಾಖಲೆಗಳನ್ನು ಜನಾಂಗವಾರು ಬಿಡಿಸಿ ನೋಡಿದೆವು: ವಿಡಿಯೊ ಬೇಕೇ ಎಂದು ಯಾರನ್ನು ಕೇಳಲಾಯಿತು, ಯಾರ ಕರೆ ಕೂಡಿಕೊಂಡಿತು, ಯಾರು ಎರಡನೆಯ ಸಲ ಬಂದರು. ಇಂಟರ್ನೆಟ್ ಇಲ್ಲದಿರುವುದೇ ಮೂಲ ಕಾರಣ ಎಂದು ಹೆಚ್ಚಿನವರು ನಂಬಿದ್ದರು. ದಾಖಲೆ ಬೇರೆಯೇ ಹೇಳಿತು. ಕೇಳುವ ಹಂತದಲ್ಲೇ ಬಿರುಕು ಬಿಟ್ಟಿತ್ತು. ಸ್ವಾಗತ ಮೇಜಿನ ಸಿಬ್ಬಂದಿ ವಯಸ್ಸು, ಮಾತಿನ ಧಾಟಿ, ವಿಮೆಯ ಬಗೆ ನೋಡಿ, "ಇವರಿಗೆ ವಿಡಿಯೊ ಆಗುವುದಿಲ್ಲ" ಎಂದು ತಾವೇ ತೀರ್ಮಾನಿಸಿ ಫೋನ್ ಭೇಟಿ ಬರೆದುಕೊಳ್ಳುತ್ತಿದ್ದರು. ಇದರಲ್ಲಿ ದ್ವೇಷವಿರಲಿಲ್ಲ, ತೊಂದರೆ ಕೊಡಬಾರದೆಂಬ ಸದುದ್ದೇಶವೇ ಇತ್ತು. ಅದಕ್ಕೇ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮದಲ್ಲಿ, ಬರೆದಿಟ್ಟ ವಾಕ್ಯದಲ್ಲೇ ಕೇಳಬೇಕೆಂದು ನಿಯಮ ಮಾಡಿದೆವು. ಸಾಲ ವಸೂಲಿಯವರ ಕಾಟಕ್ಕೆ ಅಪರಿಚಿತ ಸಂಖ್ಯೆಯನ್ನು ಎತ್ತದ ಮನೆಗಳೇ ಹೆಚ್ಚಿದ್ದುದರಿಂದ, ಕರೆಗೆ ಮುಂಚೆ ಕ್ಲಿನಿಕ್ಕಿನ ಹೆಸರಿನಲ್ಲಿ ಒಂದು ಸಂದೇಶ ಹೋಗುವಂತೆಯೂ ಮಾಡಿದೆವು.

ವಿಡಿಯೊ ಬೇಡ ಎಂದವರನ್ನು ಒಪ್ಪಿಸಲು ಹೋಗಲಿಲ್ಲ. ಆರು ಜನ ಇರುವ ಮನೆಯಲ್ಲಿ ಏಕಾಂತ ಸಿಗುವುದು ನಿಲ್ಲಿಸಿದ ಕಾರಿನೊಳಗೆ ಮಾತ್ರ; ಮನೆಯ ಗೋಡೆಯನ್ನು ವೈದ್ಯರಿಗೆ ತೋರಿಸಲು ಮನಸ್ಸಿಲ್ಲದವರೂ ಇದ್ದಾರೆ. ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಮಾಡಿದ ಕಾನೂನಿನಿಂದ ಫೋನ್ ಭೇಟಿಗೂ ವಿಮೆಯ ಪಾವತಿ ಸಿಗುವಂತಾಯಿತು. ಮುಖ್ಯವಾಗಿ ಹಿರಿಯರಿಗಿರುವ ಫೆಡರಲ್ ವಿಮೆ ಮೆಡಿಕೇರ್ ಕೂಡ 2022ರ ಜನವರಿಯಿಂದ ಮಾನಸಿಕ ಚಿಕಿತ್ಸೆಗೆ, ರೋಗಿಗೆ ವಿಡಿಯೊ ಸಾಧ್ಯವಿಲ್ಲದಿದ್ದರೆ ಅಥವಾ ಬೇಡವಾದರೆ, ಧ್ವನಿ ಕರೆಯನ್ನು ಒಪ್ಪಿತು. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಶುರುವಾದದ್ದೇ ಫೋನ್ ಕರೆಯ ಸೇವೆಯಾಗಿ. ಬಾಲ್ಟಿಮೋರಿನ ನನ್ನ ಸಹೋದ್ಯೋಗಿಗಳು ಮಾತ್ರ ಫೋನನ್ನು ಎರಡನೆಯ ದರ್ಜೆಯೆಂದೇ ಬಹಳ ದಿನ ಎಣಿಸಿದ್ದರು.

ಫೋನಿಗೆ ಮಿತಿಗಳಿಲ್ಲವೆಂದಲ್ಲ. ಮನೋವಿಕೃತಿಯ ಔಷಧಿಗಳಿಂದ ಬಾಯಿ, ನಾಲಿಗೆ, ಕೈಗಳಲ್ಲಿ ಉಂಟಾಗುವ ಅನೈಚ್ಛಿಕ ಚಲನೆ ಕಿವಿಗೆ ಕೇಳಿಸುವುದಿಲ್ಲ. ಅಂಥ ಔಷಧಿ ತೆಗೆದುಕೊಳ್ಳುವವರನ್ನು ಆಗಾಗ ಎದುರಿಗೆ ಕೂರಿಸಿಕೊಂಡೇ ಪರೀಕ್ಷಿಸುತ್ತೇನೆ. ಇನ್ನೊಂದು ನಿಯಮ ನನ್ನದೇ. ಕಪ್ಪುವರ್ಣೀಯ ರೋಗಿಗಳ ಖಿನ್ನತೆಯನ್ನೂ ಸ್ಕಿಜೋಫ್ರೇನಿಯ (ಭ್ರಮೆಗಳು ಕಾಡುವ ತೀವ್ರ ಮನೋರೋಗ) ಎಂದು ಬರೆದುಬಿಡುವ ಪ್ರವೃತ್ತಿ ಅಮೆರಿಕದ ಮನೋವೈದ್ಯಶಾಸ್ತ್ರದಲ್ಲಿ ದಶಕಗಳಿಂದ ದಾಖಲಾಗಿರುವುದರಿಂದ, ಕೇವಲ ಧ್ವನಿಯ ಆಧಾರದ ಮೇಲೆ ನಾನು ಆ ರೋಗನಿರ್ಣಯವನ್ನು ಮೊದಲ ಬಾರಿಗೆ ಮಾಡುವುದಿಲ್ಲ.

ಅತಿ ಕಷ್ಟವಾದದ್ದು ವಿಳಾಸದ ಪ್ರಶ್ನೆ. ದೂರಚಿಕಿತ್ಸೆಯ ಪ್ರತಿ ಭೇಟಿಯ ಆರಂಭದಲ್ಲಿ ರೋಗಿ ಆ ಹೊತ್ತಿಗೆ ಎಲ್ಲಿದ್ದಾರೆ ಎಂದು ಕೇಳಬೇಕು, ಏಕೆಂದರೆ ಆತ್ಮಹತ್ಯೆಯ ಅಪಾಯ ಕಂಡರೆ ಸಹಾಯ ಕಳುಹಿಸಬೇಕಾಗುತ್ತದೆ. ಆದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಬಾಗಿಲಿಗೆ ಬರುವವರು ಬಹಳ ಸಲ ಪೊಲೀಸರು. 2015ರಲ್ಲಿ ಪೊಲೀಸ್ ವಶದಲ್ಲಿ ಗಾಯಗೊಂಡ ಕಪ್ಪುವರ್ಣೀಯ ಯುವಕ ಫ್ರೆಡ್ಡಿ ಗ್ರೇ ಸತ್ತ ನಗರವಿದು. ಮಾನಸಿಕ ಬಿಕ್ಕಟ್ಟಿನಲ್ಲಿರುವವರ ಮೇಲೆ ಇಲ್ಲಿನ ಪೊಲೀಸರು ಅತಿಯಾದ ಬಲ ಬಳಸುತ್ತಾರೆ ಎಂದು ಫೆಡರಲ್ ನ್ಯಾಯ ಇಲಾಖೆಯೇ 2016ರಲ್ಲಿ ವರದಿ ಮಾಡಿತ್ತು. ಹಾಗಿರುವಾಗ ವಿಳಾಸ ಕೇಳಿದೊಡನೆ ರೋಗಿ ಬಿಗಿದುಕೊಂಡರೆ, ಸಾವಿನ ಯೋಚನೆಯನ್ನು ಮುಚ್ಚಿಟ್ಟರೆ, ಅದನ್ನು ಅಸಹಕಾರ ಎನ್ನಲಾಗದು. ಈಗ ಮೊದಲ ಭೇಟಿಯಲ್ಲೇ, ಬಿಕ್ಕಟ್ಟು ಇಲ್ಲದ ಹೊತ್ತಿನಲ್ಲಿ, ವಿಳಾಸ ಏಕೆ ಬೇಕು, ಯಾವ ಸ್ಥಿತಿಯಲ್ಲಿ ಅದನ್ನು ಬಳಸುತ್ತೇನೆ ಎಂದು ಬಿಡಿಸಿ ಹೇಳುತ್ತೇನೆ. ಮೊದಲು ಯಾರಿಗೆ ಕರೆ ಮಾಡಬೇಕೆಂದು ರೋಗಿಯೇ ಬರೆಸುತ್ತಾರೆ: ಅಕ್ಕ, ಚರ್ಚಿನ ಪಾದ್ರಿ, ನೆರೆಮನೆಯವರು. ಆಮೇಲೆ 2022ರಲ್ಲಿ ಆರಂಭವಾದ ಆತ್ಮಹತ್ಯೆ ತಡೆಯ 988 ಸಹಾಯವಾಣಿ ಮತ್ತು ಸ್ಥಳಕ್ಕೇ ಬಂದು ನೆರವಾಗುವ ಸಂಚಾರಿ ಬಿಕ್ಕಟ್ಟು ತಂಡ. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದು ಬೇರೆ ದಾರಿಯಿಲ್ಲದಿದ್ದರೆ 911ಕ್ಕೂ ಕರೆ ಮಾಡುತ್ತೇನೆಂದು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ. ಈ ಮಾತುಕತೆಗೆ ಸಮಯ ಹಿಡಿಯುತ್ತದೆ, ಮೊದಲ ಭೇಟಿಯ ಅವಧಿ ಅದಕ್ಕಾಗಿಯೇ ಹೆಚ್ಚಾಗಿದೆ.

ಸ್ಪ್ಯಾನಿಷ್ ಭಾಷಿಕರಿಗೆ ತರಬೇತಾದ ದುಭಾಷಿಯನ್ನು ಅದೇ ಕರೆಗೆ ಸೇರಿಸುತ್ತೇವೆ. ತಾಯಿಯ ದುಃಖವನ್ನು ಮಗು ಅನುವಾದಿಸುವುದಕ್ಕೆ, ತುರ್ತು ಸ್ಥಿತಿಯ ಹೊರತು, ನಮ್ಮಲ್ಲಿ ಅವಕಾಶವಿಲ್ಲ.

ಇಂಟರ್ನೆಟ್ ಶುಲ್ಕಕ್ಕೆ ತಿಂಗಳಿಗೆ 30 ಡಾಲರ್ ಕೊಡುತ್ತಿದ್ದ ಫೆಡರಲ್ ಯೋಜನೆ 2024ರಲ್ಲಿ ಹಣವಿಲ್ಲದೆ ನಿಂತಾಗ, ವಿಡಿಯೊ ಆಯ್ದುಕೊಂಡಿದ್ದ ಕೆಲವರು ಫೋನಿಗೆ ಮರಳಿದರು. ಚಿಕಿತ್ಸೆ ಬಿಡಲಿಲ್ಲ, ಏಕೆಂದರೆ ಅಷ್ಟೊತ್ತಿಗೆ ಫೋನ್ ಭೇಟಿಗೂ ವಿಡಿಯೊ ಭೇಟಿಯಷ್ಟೇ ಅವಧಿ, ಅದೇ ವೈದ್ಯರು ಇದ್ದರು. ವಿಡಿಯೊ ಕೇಳುವ ಹಂತದ ಅಂತರ ಈಗ ಬಹುತೇಕ ಹೋಗಿದೆ. ಎರಡನೆಯ ಭೇಟಿಗೆ ಮರಳುವವರಲ್ಲಿ ಅದು ಇನ್ನೂ ಇದೆ. ಬಾರದವರಿಗೆ ಈಗ ಅದೇ ಬಡಾವಣೆಯ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಕರೆ ಮಾಡುತ್ತಾರೆ, ಕಾರಣ ಕೇಳಿ ಬರೆದುಕೊಳ್ಳುತ್ತಾರೆ, ಮೂರು ತಿಂಗಳಿಗೊಮ್ಮೆ ಆ ಟಿಪ್ಪಣಿಗಳನ್ನು ನಾವು ಕೂತು ಓದುತ್ತೇವೆ.