ಹಸಿ ಕಸಕ್ಕೆ ತರಗೆಲೆಯ ಜೊತೆ: ಬಾಲ್ಕನಿಯಲ್ಲೇ ಗೊಬ್ಬರ

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ಹೊರಟು ಹದಿನೈದೇ ದಿನಕ್ಕೆ ಕೈಬಿಟ್ಟವರನ್ನು ಕೇಳಿದರೆ, ಅವರು ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ವಾಸನೆ. ನನ್ನ ಮೊದಲ ಬಕೆಟ್ಟಿನ ಗತಿಯೂ ಅದೇ ಆಗಿತ್ತು. ಬೇಸಿಗೆಯಲ್ಲಿ ಕಲ್ಲಂಗಡಿ ಸಿಪ್ಪೆಯನ್ನೂ ಮಿಕ್ಕ ಅನ್ನ ಸಾರನ್ನೂ ಒಂದರ ಮೇಲೊಂದು ತುಂಬಿ ಮುಚ್ಚಳ ಬಿಗಿದಿಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ತಪ್ಪು ಕಸದ್ದಲ್ಲ, ಒಣ ಎಲೆ ಬೆರೆಸದ ನನ್ನದು.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಿಂದ) ತಂದ ಸೊಪ್ಪು, ದರಕನ್ನು, ಅಂದರೆ ಒಣಗಿದ ತರಗೆಲೆಯನ್ನು, ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದೊಡನೆ ಬೆರೆತ ಮೇಲೆ ಅದನ್ನು ಗೊಬ್ಬರಗುಂಡಿಗೆ ಸೇರಿಸುವುದು ಅವರಲ್ಲಿ ಬಹುಕಾಲದ ರೂಢಿ. ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ನೀರು, ಸಾರಜನಕಗಳೇ ಹೆಚ್ಚಾಗಿದ್ದರೆ ತರಗೆಲೆಯಲ್ಲಿ ಇಂಗಾಲ ಹೇರಳ. ಮೇಲಾಗಿ ಎಲೆಗಳ ಸಂದಿಯಲ್ಲಿ ಗಾಳಿಯಾಡುವುದರಿಂದ ಕಸ ನಾರುವುದಿಲ್ಲ.

ಮೊದಲು 20 ಲೀಟರಿನ ಹಳೆಯ ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು, ಕಾಯಿಸಿದ ಕಬ್ಬಿಣದ ಸರಳಿನಿಂದ ಸುತ್ತಲೂ ತಳಕ್ಕೂ ಹದಿನೈದಿಪ್ಪತ್ತು ತೂತು ಮಾಡಿ, ಎರಡು ಇಟ್ಟಿಗೆಗಳ ಮೇಲೆ ಕೂರಿಸಬೇಕು; ಸೋರುವ ನೀರಿಗೆ ಕೆಳಗೊಂದು ತಟ್ಟೆ ಇರಲಿ. ತಳದಲ್ಲಿ ನಾಲ್ಕು ಬೆರಳೆತ್ತರ ತೆಂಗಿನ ನಾರು ಹಾಸಿ, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರ ಹರಡಿ, ಹುಳಿ ಮಜ್ಜಿಗೆ ಚಿಮುಕಿಸಬೇಕು. ಅಂಗಡಿಯ ಪುಡಿಗಳು ಇಲ್ಲದೆಯೂ ಕೆಲಸ ನಡೆಯುತ್ತದೆ.

ಆಮೇಲೆ ಪ್ರತಿದಿನದ ಕಸವನ್ನು ಸಣ್ಣಗೆ ಹೆಚ್ಚಿ ಹಾಕಿ, ಒಂದು ಬಟ್ಟಲು ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ ಮುಚ್ಚಬೇಕು. ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ ಮರಗಳು ಎಲೆ ಉದುರಿಸುವ ಚಳಿಗಾಲದ ಕೊನೆಯಲ್ಲಿ ಎರಡು ಗೋಣಿಚೀಲ ತುಂಬಿಟ್ಟುಕೊಂಡರೆ ಮಳೆಗಾಲದಲ್ಲಿ ಪರದಾಡಬೇಕಿಲ್ಲ. ಚಹಾ ಚರಟ, ಬಾಡಿದ ಹೂವು, ಹಣ್ಣಿನ ಸಿಪ್ಪೆಗಳಿಗೆ ಅಡ್ಡಿಯಿಲ್ಲ. ಮಾಂಸ, ಹಾಲು, ಎಣ್ಣೆ ಪದಾರ್ಥಗಳು ಬೇಡ. ತೆಂಗಿನ ಚಿಪ್ಪು ಮತ್ತು ಮಾವಿನ ವಾಟೆ ಬೇಗ ಕರಗುವುದಿಲ್ಲ.

ಮೂರು ದಿನಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಕದಡುವಾಗ ಒಂದು ಹಿಡಿ ತೆಗೆದು ಹಿಂಡಿ ನೋಡಿ: ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಒಣ ಎಲೆ ಹೆಚ್ಚಿಸಬೇಕು, ಪುಡಿಪುಡಿಯಾಗಿ ಉದುರಿದರೆ ನೀರು ಮಜ್ಜಿಗೆ ಚಿಮುಕಿಸಬೇಕು. ಇರುವೆ ಮುತ್ತಿದರೂ ಕಸ ಒಣಗಿದೆ ಎಂದೇ ತಿಳಿಯಬೇಕು. ಬಿಳಿಯ ಬೂಷ್ಟು ಕಂಡರೆ ಹೆದರುವ ಕಾರಣವಿಲ್ಲ. ದಪ್ಪ ಹುಳುಗಳನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ. ಅವು ಬಹುಮಟ್ಟಿಗೆ ಕಪ್ಪು ಸೈನಿಕ ನೊಣದ ಮರಿಗಳಾಗಿದ್ದು, ಕಸವನ್ನು ನಮಗಿಂತ ಶ್ರದ್ಧೆಯಿಂದ ತಿಂದು ಮುಗಿಸುತ್ತವೆ.

ಬಕೆಟ್ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಆರಂಭಿಸಬೇಕು. ಎರಡು ಬಕೆಟ್ ಇಲ್ಲದೆ ಈ ಕೆಲಸ ಸಾಗದು. ಸುಮಾರು ಎರಡು ತಿಂಗಳಲ್ಲಿ ಒಳಗಿನದು ಕಪ್ಪಾಗಿ, ಮೊದಲ ಮಳೆಯ ಮಣ್ಣಿನಂತೆ ಘಮಗುಡತೊಡಗಿದರೆ ಜರಡಿ ಹಿಡಿದು, ಒಂದು ಪಾಲಿಗೆ ಮೂರು ಪಾಲು ಕೆಮ್ಮಣ್ಣು ಬೆರೆಸಿ ಕುಂಡಗಳಿಗೆ ತುಂಬಬಹುದು. ಬಕೆಟ್ ಚಿಕ್ಕದಾದ್ದರಿಂದ ಒಳಗೆ ಬೀಜ ಸಾಯುವಷ್ಟು ಕಾವೇರುವುದಿಲ್ಲ. ಹಾಗಾಗಿ ಕರಿಬೇವಿನ ಕುಂಡದಲ್ಲಿ ಟೊಮೆಟೊ, ಕುಂಬಳದ ಸಸಿಗಳು ತಾವಾಗಿಯೇ ಮೊಳೆಯುತ್ತವೆ. ಕೀಳಲು ಮನಸ್ಸಾಗದೆ ಒಂದನ್ನು ಉಳಿಸಿಕೊಂಡಿದ್ದೆ. ಕುಂಬಳದ ಬಳ್ಳಿ ಈಗ ಬಟ್ಟೆ ಒಣಹಾಕುವ ಹಗ್ಗವನ್ನು ಹಿಡಿದಿದೆ.