ಮಡು ಕಾಯುವ ಕೆಲಸ: ಗಾಳದವರ ಸಂಘ ನಡೆಸಿದ ನನ್ನ ಅನುಭವ

ನಮ್ಮ ಸಂಘದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಕಾವಲುಗಾರರ ಸಂಬಳಕ್ಕೆ. ಹೊಸದಾಗಿ ಸೇರಿದ ಸದಸ್ಯರು ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ನೋಡಿದ ಕೂಡಲೇ ಅದನ್ನೇ ಎತ್ತುತ್ತಾರೆ. ಗಾಳ ಹಾಕುವವರು ಕಟ್ಟಿದ ಸಂಘ, ದುಡ್ಡೆಲ್ಲ ಕಾವಲಿಗೆ ಹೋದರೆ ನಮಗೇನು ಸಿಕ್ಕಿತು ಅಂತ. ಕೊಡಗಿನಲ್ಲಿ ಕಾವೇರಿಯ ಒಂದು ತುಂಡನ್ನು ನೋಡಿಕೊಳ್ಳುವ ಈ ಸಣ್ಣ ಸಂಘಕ್ಕೆ ಬಹಳ ಕಾಲ ಕಾರ್ಯದರ್ಶಿಯಾಗಿದ್ದವನು ನಾನು. ದಡದಲ್ಲಿ ವರ್ಷವಿಡೀ ಯಾರಾದರೂ ಒಬ್ಬರು ಇರದಿದ್ದರೆ ಗಾಳ ಹಾಕಲು ಮೀನೇ ಇರುವುದಿಲ್ಲ ಎನ್ನುವುದನ್ನು ಅವರಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಬೇಸಿಗೆಯಲ್ಲಿ ಒಂದು ರಾತ್ರಿ ಮಡುವಿನ ಪಕ್ಕ ಕೂರಿಸಿದರೆ ಬೇಗ ಅರ್ಥವಾಗುತ್ತದೆ.

ಮಾರ್ಚ್, ಏಪ್ರಿಲ್ ಹೊತ್ತಿಗೆ ನದಿ ಬಂಡೆಗಳ ನಡುವೆ ಸಣ್ಣ ತೊರೆಯಾಗುತ್ತದೆ. ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ಮೇಲಿನ, ಕೆಳಗಿನ ಮೀನೆಲ್ಲ ಬಂದು ಸೇರುವುದು ಅಲ್ಲಿಗೆ. ತೋಟೆ, ಅಂದರೆ ಸಿಡಿಮದ್ದು, ಹಾಕುವವರು ಕಾಯುವುದೂ ಆ ದಿನಗಳನ್ನೇ. ಒಂದು ತೋಟೆ ಸಿಡಿದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆದು ಹೋಗುತ್ತದೆ. ತೇಲಿದ್ದನ್ನು ಹೆಕ್ಕಿಕೊಂಡು ಹೋಗುತ್ತಾರೆ, ಮುಳುಗಿದ್ದು ತಳದಲ್ಲೇ ಕೊಳೆಯುತ್ತದೆ. ಬ್ಲೀಚಿಂಗ್ ಪುಡಿ ಸುರಿಯುವುದು ಇನ್ನೂ ಕೆಟ್ಟದ್ದು. ಮರಿ, ಏಡಿ, ಹುಳ, ಯಾವುದೂ ಉಳಿಯುವುದಿಲ್ಲ. ಸಿಡಿಮದ್ದು, ವಿಷ ಎರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧ ಎಂದಿದೆ. ಆದರೆ ನಡುರಾತ್ರಿ ಟಾರ್ಚ್ ಹಿಡಿದು ಮಡುವಿನ ಹತ್ತಿರ ಹೋಗುವುದು ಕಾಯಿದೆಯಲ್ಲ, ಮನುಷ್ಯ.

ನಮ್ಮ ಕಾವಲುಗಾರರಲ್ಲಿ ಹಿಂದೆ ತೋಟೆ ಹಾಕುತ್ತಿದ್ದವರೂ ಇದ್ದಾರೆ. ಇದನ್ನು ನಾನು ಬೇಕೆಂದೇ ಮಾಡಿದ್ದು. ಯಾವ ಮಡುವಿಗೆ ಯಾವ ಕಾಲುದಾರಿಯಿಂದ ಇಳಿಯುತ್ತಾರೆ, ಮದ್ದು ಯಾವ ಕಡೆಯಿಂದ ಬರುತ್ತದೆ, ಅಮಾವಾಸ್ಯೆಯ ಆಚೀಚೆ ಎಲ್ಲಿ ಕೂರಬೇಕು, ಇವರಷ್ಟು ತಿಳಿದವರು ಬೇರೆ ಯಾರೂ ಇಲ್ಲ. ಕಾವೇರಿಯಲ್ಲೇ ಕೆಳಗಿರುವ ಭೀಮೇಶ್ವರಿ, ಗಾಲಿಬೋರೆ ಕಡೆಯ ಗಾಳದ ಕ್ಯಾಂಪುಗಳಲ್ಲೂ ಇಂಥವರೇ ಗೈಡುಗಳಾಗಿ, ಕಾವಲುಗಾರರಾಗಿ ನಿಂತರು. ಆದರೆ ಒಂದು ಮಾತು: ಸಂಬಳ ತಿಂಗಳ ಮೊದಲ ವಾರ ಕೈಗೆ ಸೇರಲೇಬೇಕು. ಎರಡು ತಿಂಗಳು ಬಾಕಿ ಉಳಿಸಿಕೊಂಡು ನಿಯತ್ತು ಕೇಳುವ ಹಕ್ಕು ಯಾವ ಸಂಘಕ್ಕೂ ಇಲ್ಲ.

ಊರಿನವರ ಜೊತೆಗಿನ ಮಾತು ಅಷ್ಟು ಸಲೀಸಾಗಿರಲಿಲ್ಲ. ಬಿದಿರುಕೋಲಿನಲ್ಲಿ ಗಾಳ ಹಾಕಿ ಮನೆಯ ಸಾರಿಗೆ ಮೀನು ಒಯ್ಯುತ್ತಿದ್ದ ಹಿರಿಯರೊಬ್ಬರು ದಡದಲ್ಲೇ ನನ್ನನ್ನು ನಿಲ್ಲಿಸಿ ಕೇಳಿದ್ದರು: "ಹಿಡಿದ್ ಮೀನ್ನ ಮತ್ತೆ ನೀರಿಗೇ ಬಿಡೋದಾದ್ರೆ ಹಿಡಿಯೋದ್ಯಾಕೆ ಸ್ವಾಮಿ? ಅದಕ್ಕೂ ನೋವಲ್ವಾ?" ನ್ಯಾಯವಾದ ಪ್ರಶ್ನೆ. "ನೋವು ಇದ್ದೇ ಇದೆ ಅಜ್ಜ, ಆದರೆ ಬಿಡೋ ಮೀನಿನ ಆಸೆಗೆ ದುಡ್ಡು ಕೊಡೋರು ಇದ್ದರೆ ತಾನೇ ಮಡುಗೆ ಕಾವಲು?" ಅಂದೆ. ಅವರು ಒಪ್ಪಿದರೆಂದು ಹೇಳಲಾರೆ. ಮನೆಗೆ ಬೇಕಾದಷ್ಟು ಸಣ್ಣ ಮೀನನ್ನು ಊರಿನವರು ಗಾಳದಲ್ಲಿ ಹಿಡಿಯುವುದಕ್ಕೆ ಸಂಘ ಅಡ್ಡ ಬರುವುದಿಲ್ಲ, ತೋಟೆ, ವಿಷ, ಕರೆಂಟು ಮಾತ್ರ ಕೂಡದು ಎಂದು ನಾವು ಬರೆದಿಟ್ಟೆವು. ಅದಾದ ಮೇಲೆ ತೋಟೆಯ ಸದ್ದು ಕೇಳಿದರೆ ಮೊದಲ ಫೋನು ಬರುವುದು ಆ ಮನೆಗಳಿಂದಲೇ.

ಸದಸ್ಯರ ಮೇಲಿನ ನಿಯಮಗಳು ಕಟ್ಟುನಿಟ್ಟು. ಗಾಳದವರು ಬೆನ್ನಟ್ಟುವ ದೊಡ್ಡ ಹೊಳೆಮೀನು ಮಹಶೀರ್, ಅದನ್ನು ಹಿಡಿದರೆ ಬಿಡಲೇಬೇಕು. ಒಂಟಿ ಕೊಕ್ಕೆ ಮಾತ್ರ, ಅದರ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಮುಟ್ಟುವ ಮೊದಲು ಕೈ ಒದ್ದೆಯಾಗಿರಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ರೋಗ ಹತ್ತುತ್ತದೆ. ಬಂಡೆಯ ಮೇಲೆ ಎಳೆಯುವ ಹಾಗಿಲ್ಲ, ಫೋಟೋಕ್ಕೆಂದು ದಾರದಲ್ಲಿ ಕಟ್ಟಿಟ್ಟು ಗೆಳೆಯರಿಗೆ ಕಾಯುವ ಹಾಗಿಲ್ಲ. ಬಿಡುವಾಗ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ನೀರಿನಲ್ಲಿ ನಿಂತಿರಬೇಕು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಚೇತರಿಸಿಕೊಳ್ಳುವುದಿಲ್ಲ. ಆದ್ದರಿಂದ ಬಿರುಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಗಾಳ ಎತ್ತಿಬಿಡುತ್ತೇವೆ. ಕಡಿದುಹೋದ ನೈಲಾನ್ ದಾರವನ್ನು ಕಿಸೆಯಲ್ಲೇ ಒಯ್ಯಬೇಕು. ನೀರುನಾಯಿಯ ಮರಿಯ ಕಾಲಿಗೆ ಅದು ಸುತ್ತಿಕೊಂಡದ್ದನ್ನು ಕಂಡವರು ಈ ನಿಯಮವನ್ನು ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ.

ಸಂಘದ ಆಸ್ತಿ ಯಾವುದು ಎಂದರೆ ನಾನು ತೋರಿಸುವುದು ಒಂದು ದಪ್ಪ ರಿಜಿಸ್ಟರು. ದಿನಾಂಕ, ಮಡು, ನೀರಿನ ಮಟ್ಟ, ನೀರು ತಿಳಿಯೋ ಕೆಂಪೋ, ಎರೆ ರಾಗಿಮುದ್ದೆಯೋ ಏಡಿಯೋ, ಎಷ್ಟು ಹೊತ್ತು ಕೂತರು, ಏನು ಸಿಕ್ಕಿತು. ಏನೂ ಸಿಗದ ದಿನವನ್ನೂ ಬರೆಯಲೇಬೇಕು, ಇದರಲ್ಲಿ ನಾನು ಹಟಮಾರಿ. ಖಾಲಿ ದಿನ ಬರೆಯದ ಪುಸ್ತಕ ನದಿಯ ಬಗ್ಗೆ ಸುಳ್ಳು ಹೇಳುತ್ತದೆ. ಮೀನನ್ನು ತಕ್ಕಡಿಗೆ ತೂಗುಹಾಕುವುದಿಲ್ಲ. ಟೇಪಿನಲ್ಲಿ ಉದ್ದ, ಸುತ್ತಳತೆ ಎರಡನ್ನೂ ಇಂಚಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಪೌಂಡಿನ ತೂಕ ಬರುತ್ತದೆ. 40 ಇಂಚು ಉದ್ದ, 22 ಇಂಚು ಸುತ್ತಳತೆಯ ಮೀನು ಸುಮಾರು 24 ಪೌಂಡು, ಅಂದರೆ 11 ಕಿಲೋ.

ಇಂಥ ಪುಸ್ತಕಕ್ಕೆ ಎಂಥ ಬೆಲೆ ಇದೆ ಎಂಬುದು ಕಾವೇರಿಯಲ್ಲೇ ಸಾಬೀತಾಗಿದೆ. ಗಾಲಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಕೂತು ಓದಿದರು. ನೀಲಿ ರೆಕ್ಕೆಯ ಮಹಶೀರ್ ಸಂಖ್ಯೆಯಲ್ಲಿ ಏರುತ್ತಾ, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ, ಡುಬ್ಬದ ಮಹಶೀರ್ ಇಳಿಯುತ್ತಾ ಬಂದದ್ದು ಕಂಡಿತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ದಾಖಲೆ ಮೀನಿನ ಕುಲ ಅದು. ಅಷ್ಟು ದೊಡ್ಡ, ಅಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ವನ್ಯಧಾಮದೊಳಗೆ 2012ರಲ್ಲಿ ಗಾಳ ನಿಂತಿತು, ಲೆಕ್ಕವೂ ಅಲ್ಲಿಗೇ ನಿಂತಿತು. ವನ್ಯಜೀವಿ ಕಾಯಿದೆಯ ಕಣ್ಣಿನಲ್ಲಿ ಆ ತೀರ್ಮಾನಕ್ಕೆ ಕಾರಣವಿರಬಹುದು. ಆದರೆ ದಡದಿಂದ ಕಣ್ಣುಗಳನ್ನು ಎಬ್ಬಿಸಿ ಕಳಿಸಿದ್ದು ನದಿಗೆ ನಷ್ಟ ಎಂದೇ ನನ್ನ ನಂಬಿಕೆ.

ಇದನ್ನು ಓದಿದ ಮೇಲೆ, ಹೊರಗಿನಿಂದ ಮೀನುಮರಿ ತಂದು ನದಿಗೆ ಬಿಡಬಾರದು ಎಂಬ ನನ್ನ ನಿಲುವು ಗಟ್ಟಿಯಾಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಮೊಟ್ಟೆಯೊಡೆಸಿ ಮೀನುಮರಿ ಮಾಡುವ ಟಾಟಾ ಮೊಟ್ಟೆಮನೆಯಿಂದ ಹಿಂದೆ ನೀಲಿ ರೆಕ್ಕೆಯ ಮರಿಗಳು ದೇಶದ ಅನೇಕ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಎಲ್ಲರ ಉದ್ದೇಶವೂ ಒಳ್ಳೆಯದೇ ಇತ್ತು. ಈಗಲೂ ಪ್ರತಿ ಸಭೆಯಲ್ಲಿ ಯಾರಾದರೂ ಒಬ್ಬರು ಮೀನು ಕಡಿಮೆಯಾಗಿದೆ, ಮರಿ ತರಿಸೋಣ ಅನ್ನುತ್ತಾರೆ. ಮರಿ ಬಿಡುವ ದಿನ ಹಾರ, ಫೋಟೋ, ಭಾಷಣ ಇರುತ್ತದೆ. ಕಾವಲುಗಾರನಿಗೆ ಸಂಬಳ ಕೊಡುವ ದಿನ ಯಾವುದೂ ಇರುವುದಿಲ್ಲ. ಸಂಘ ಇವತ್ತಿನವರೆಗೆ ಒಂದು ಮರಿಯನ್ನೂ ಬಿಟ್ಟಿಲ್ಲ. ಇರುವ ಮೀನಿಗೆ ಮೊಟ್ಟೆಯಿಡುವ ಜಾಗ ಉಳಿದರೆ ಸಾಕು.

ಆ ಜಾಗಕ್ಕೆ ತೋಟೆಗಿಂತ ದೊಡ್ಡ ಕಂಟಕ ಕಾಫಿ ಪಲ್ಪಿಂಗ್ ನೀರು. ನಾನೂ ಕಾಫಿ ಬೆಳೆಗಾರರ ಮನೆಯವನೇ, ಆದ್ದರಿಂದ ಇದನ್ನು ಹೇಳುವ ಹೊಣೆ ನನ್ನದು. ಡಿಸೆಂಬರಿನಿಂದ ಹಣ್ಣು ಸುಲಿದ ಹುಳಿನೀರು ತೋಡಿಗೆ ಇಳಿದರೆ, ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ನದಿ ಇಳಿಯುವ ಹೊತ್ತೂ ಅದೇ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುವುದನ್ನು ನೋಡಿದರೆ ಮೇಲೆ ಯಾವ ತೋಡು ಕಂದಾಗಿದೆ ಎಂದು ಹುಡುಕಲು ಹೊರಡುತ್ತೇವೆ. ದೂರು ಕೊಡುವುದು ಕೊನೆಯ ದಾರಿ. ಮೊದಲು ತೋಟಕ್ಕೆ ಹೋಗಿ ಕಾಫಿ ಕುಡಿದು ಮಾತಾಡುತ್ತೇವೆ. ಸುಣ್ಣ ಹಾಕಿ ಹುಳಿ ತಗ್ಗಿಸುವ ಗುಂಡಿ, ಅದೇ ನೀರನ್ನು ಮತ್ತೆ ಬಳಸುವ ವ್ಯವಸ್ಥೆ, ಕಡಿಮೆ ನೀರು ಕೇಳುವ ಹೊಸ ಪಲ್ಪರುಗಳು, ಇವನ್ನೆಲ್ಲ ಈಗಾಗಲೇ ಮಾಡಿಕೊಂಡ ಪಕ್ಕದ ತೋಟದವರನ್ನೇ ಜೊತೆಗೆ ಕರೆದೊಯ್ಯುತ್ತೇನೆ. ಬೆಳೆಗಾರ ಬೆಳೆಗಾರನ ಮಾತು ಕೇಳುತ್ತಾನೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಾರದ ವರ್ಷ ರೊಬಸ್ಟಾ ಕಾಫಿಗೆ ನದಿಯಿಂದ ಪಂಪು ಹಚ್ಚುವುದರ ಬಗ್ಗೆ ಮಾತ್ರ ಇಷ್ಟು ಸುಲಭದ ಉತ್ತರ ನಮಗೆ ಸಿಕ್ಕಿಲ್ಲ. ಸ್ಪ್ರಿಂಕ್ಲರ್ ನಿಲ್ಲಿಸಿದರೆ ಒಂದು ವರ್ಷದ ಬೆಳೆ ಹೋಗುತ್ತದೆ. ಮಡುಗಳಿಂದಲೇ ನೇರವಾಗಿ ಎತ್ತಬೇಡಿ ಎಂದು ಕೇಳಿಕೊಳ್ಳುತ್ತೇವೆ, ಕೆಲವರು ಪಂಪನ್ನು ಬೇರೆಡೆಗೆ ಸರಿಸಿದ್ದಾರೆ.

ಮಳೆ ಹಿಡಿದ ಮೇಲೆ ಗಾಳ ಬಂದ್. ಜೂನಿನ ಮೊದಲ ಕೆಂಪುನೀರಿಗೆ ಮೀನುಗಳು ಮೊಟ್ಟೆಯಿಡಲು ತೋಡುಗಳ ಕಡೆ ಏರುತ್ತವೆ. ಮಲೆನಾಡಿನಲ್ಲಿ ಹತ್ತುಮೀನು ಎನ್ನುವುದು ಇದಕ್ಕೇ. ತೋಡಿನ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟಿ, ಕೂಳಿ ಎಂಬ ಮೀನುಬುಟ್ಟಿ ಇಟ್ಟರೆ ತತ್ತಿ ತುಂಬಿದ ಮೀನು ಒಂದೂ ಮೇಲೆ ಹೋಗುವುದಿಲ್ಲ. ಅಂದರೆ ಸದಸ್ಯರು ಯಾರೂ ನದಿಗೆ ಬಾರದ ತಿಂಗಳುಗಳಲ್ಲೇ ಕಾವಲು ಹೆಚ್ಚು ಬೇಕು. ಹಾಗಾಗಿ ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣ ಮುಗಿದು ನೀರು ತಿಳಿಯಾಗುವ ಹೊತ್ತಿಗೆ ಸದಸ್ಯತ್ವದ ಹಣ ಕೂಡಿಸಿದ ಕೂಡಲೇ, ಮುಂದಿನ ಮಳೆಗಾಲದ ಸಂಬಳವನ್ನು ಬೇರೆ ಖಾತೆಗೆ ಹಾಕಿಬಿಡುತ್ತೇವೆ. ರಾಡು, ರೀಲು, ಹೊಸ ಹರಿಗೋಲು, ಶೆಡ್ಡಿನ ಸೂರು, ಏನೇ ತುರ್ತು ಬಂದರೂ ಆ ಖಾತೆ ಮುಟ್ಟುವುದಕ್ಕೆ ಅಧ್ಯಕ್ಷರಿಗೂ ಅಧಿಕಾರವಿಲ್ಲ.